ನೀಲಿ ಜಿನ್ನಿಗೆ ನಿಂಬೆ ಹಿಂಡಿದರೆ

ಈ ಮಾತನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದ್ದೇನೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯೋಣ ಎಂದುಕೊಂಡೆ. ತೆಗೆಸಿದ್ದಾಯಿತು, ಅಕ್ಷರಗಳು ಕಂಡವು, ಧೈರ್ಯ ಕಾಣಲಿಲ್ಲ. ಹೊಸ ಹಲ್ಲಿನ ಸೆಟ್ಟು ಬರಲಿ, ಬಾಯಿಬಿಟ್ಟು ಹೇಳಿಬಿಡೋಣ ಎಂದುಕೊಂಡೆ. ಹಲ್ಲು ಬಂತು, ಅದರಿಂದ ಚಕ್ಕುಲಿ ತಿಂದೆ. ಈಗ ನೆಪಗಳು ಮುಗಿದಿವೆ. ಮೊದಲು ಸಣ್ಣದನ್ನು ಹೇಳುತ್ತೇನೆ: ನನಗೆ ನೀಲಿ ಬಣ್ಣದ ಮದ್ಯ ಕಂಡರೆ ಭಯ.

ಹುಕ್ಕೇರಿಯ ಒಂದು ಬಾರಿನ ಕೌಂಟರಿನಲ್ಲಿ ನಲವತ್ತು ವರ್ಷ ನಿಂತವನು ಹೀಗಂದರೆ ನೀವು ನಗಬಹುದು. ಆದರೆ ನಮ್ಮ ಕಾಲದ ಬಾಟಲಿಗಳಿಗೆ ಇದ್ದದ್ದೇ ಎರಡು ಮೂರು ಬಣ್ಣ. ವಿಸ್ಕಿ ಚಹಾದ ಹಾಗೆ, ರಮ್ಮು ಕಾಕಂಬಿಯ ಹಾಗೆ, ಜಿನ್ನು ನೀರಿನ ಹಾಗೆ. ಭಟ್ಟಿಯಿಂದ ಇಳಿಯುವಾಗ ಎಲ್ಲವೂ ನೀರಿನ ಹಾಗೆಯೇ ಇರುತ್ತವಂತೆ. ಬಣ್ಣ ಬರುವುದು ಆಮೇಲೆ, ಪೀಪಾಯಿಯ ಕಟ್ಟಿಗೆಯಿಂದ ಇಲ್ಲವೇ ಸುಟ್ಟ ಸಕ್ಕರೆಯಿಂದ. ಕಾಕ್‌ಟೇಲ್ ಎಂದರೆ ನಮಗೆ ರಮ್ಮಿಗೆ ಕಪ್ಪು ಸೋಡಾ ಸುರಿಯುವುದು. ಅಂಚಿಗೊಂದು ನಿಂಬೆಹೋಳು ಸಿಕ್ಕಿಸಿದರೆ ಗಿರಾಕಿ ತಹಶೀಲ್ದಾರನ ಹಾಗೆ ಕೂಡುತ್ತಿದ್ದ. ಆ ಹೋಳು ಮಾಡಿದ ಮೇಲೆ ನಾನು ಮಾತ್ರ ಪ್ರತಿ ಸಲ ಸಾಬೂನು ಹಚ್ಚಿ ಕೈ ತೊಳೆಯುತ್ತಿದ್ದೆ. ಶುಚಿಯ ಮನುಷ್ಯ ಎಂದು ಹೆಸರು ಬಂತು.

ಈಗ ನನ್ನ ತಮ್ಮನ ಮಗ ಬಸವರಾಜ ಮೂಡಲಗಿಯಲ್ಲಿ ಹೊಸ ಬಾರು ತೆರೆದಿದ್ದಾನೆ. ಕಳೆದ ತಿಂಗಳು ಒಂದು ಮಧ್ಯಾಹ್ನ ನನ್ನನ್ನು ಕರೆಸಿ ಕಪಾಟು ತೋರಿಸಿದ. ಗಿಡಮೂಲಿಕೆಯ ಹಸಿರು ಮದ್ಯವೊಂದು. ಕಿತ್ತಳೆ ಸಿಪ್ಪೆಯಿಂದ ಮಾಡಿದ್ದು ಇನ್ನೊಂದು, ಅದು ಕಡುನೀಲಿ! ಕಿತ್ತಳೆ ಯಾವಾಗ ನೀಲಿಯಾಯಿತೋ ದೇವರೇ ಬಲ್ಲ. ಕೊನೆಯದು ಶಂಖಪುಷ್ಪದ ಬಣ್ಣ ಕಟ್ಟಿದ ಜಿನ್ನು.

“ಕಾಕಾ, ನಿಮ್ಮ ಕಣ್ಣ ಮುಂದನ ಜಾದೂ ಮಾಡ್ತೀನಿ, ನೋಡ್ರಿ,” ಎಂದು ಗ್ಲಾಸಿಗೆ ಆ ಜಿನ್ನು, ಸೋಡಾ, ಸಕ್ಕರೆಪಾಕ ಹಾಕಿ ಅರ್ಧ ನಿಂಬೆಹಣ್ಣು ಹಿಂಡಿದ. ನೀಲಿ ನೇರಳೆಯಾಯಿತು, ನೇರಳೆ ಗುಲಾಬಿಯಾಯಿತು. ಮುಂದೆ ಕೂತಿದ್ದ ಗಿರಾಕಿಗಳು ಚಪ್ಪಾಳೆ ತಟ್ಟಿದರು. ನಾನು ಕೌಂಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಆ ಬಣ್ಣವನ್ನು ನಾನು ಹಿಂದೊಮ್ಮೆ ಗೋಕಾಕದಲ್ಲಿ ನೋಡಿದ್ದೆ, ಒಬ್ಬ ಹೆಣ್ಣುಮಗಳ ಬೆರಳುಗಳ ಸುತ್ತ.

ಆಗ ನನಗೆ ಇಪ್ಪತ್ತೆರಡು. ಗೋಕಾಕದ ಒಂದು ಖಾನಾವಳಿಯಲ್ಲಿ ಊಟ ಬಡಿಸುತ್ತಿದ್ದೆ. ಕೆಲಸದವರಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಮಾಲಕರ ಕೈಗಡಿಯಾರ ಕಾಣೆಯಾಯಿತು. ನನಗೆ ಸಾಲೆಯಲ್ಲಿ ಕಲಿತ ಲಿಟ್ಮಸ್ ನೆನಪಾಯಿತು. ನೀಲಿ ಲಿಟ್ಮಸ್ ಹುಳಿಗೆ ಕೆಂಪಾಗುತ್ತದೆ, ಶಂಖಪುಷ್ಪದ ನೀರೂ ಹಾಗೆಯೇ ಎಂದು ಮಾಸ್ತರರು ತೋರಿಸಿದ್ದರು. ಹಿತ್ತಲ ಬೇಲಿಯ ಹೂ ಕುದಿಸಿ, ಕೆಲಸದವರಿಗೆ ಒಂದೊಂದರಂತೆ ಐದು ಬಟ್ಟಲಿಗೆ ಸುರಿದು, “ಮಂತ್ರಿಸಿದ ನೀರೈತಿ. ಕದ್ದಾವ್ರು ಕೈ ಅದ್ದಿದ್ರ ಕೆಂಪಾಗತೈತಿ,” ಎಂದೆ. ನೀರು ಯಾರಿಗೂ ಕೆಂಪಾಗದು, ಕದ್ದವನು ಹೆದರಿ ಹಿಂದೆ ಸರಿಯುತ್ತಾನೆ, ಸಿಕ್ಕಿಬೀಳುತ್ತಾನೆ ಎಂದು ನನ್ನ ಲೆಕ್ಕ.

ಯಾರೂ ಹಿಂದೆ ಸರಿಯಲಿಲ್ಲ. ರೊಟ್ಟಿ ಬಡಿಯುವ ಹೆಣ್ಣುಮಗಳಂತೂ, “ಕೆಂಪಾಗ್ಲಿ ಬಿಡಪಾ, ಒಲಿ ಮುಂದ ಕುಂತು ಕರ್ರಗಾಗ್ಯಾವ ನನ್ನ ಕೈ,” ಎಂದು ನಗುತ್ತಲೇ ಅದ್ದಿದಳು. ನೀರು ಗುಲಾಬಿಯಾಯಿತು.

ಅದೇ ಕ್ಷಣ ನನಗೆ ಗೊತ್ತಾಯಿತು. ಆಕೆ ಮುಂಜಾನೆಯಿಂದ ತಾಟುಗಳಿಗೆ ನಿಂಬೆಹಣ್ಣು ಹೋಳು ಮಾಡುತ್ತಿದ್ದಳು. ಒಂದು ಮಾತು ಸಾಕಿತ್ತು. ಅಷ್ಟರಲ್ಲಿ ಮಾಲಕರು ನನಗೆ ಕೈ ಮುಗಿದರು. ಅಲ್ಲಿಯವರೆಗೆ ನನಗೆ ಯಾರೂ ಕೈ ಮುಗಿದಿರಲಿಲ್ಲ. ಆಕೆ ನನ್ನನ್ನೇ ನೋಡಿ, “ನೀ ಸಾಲಿ ಕಲತಾಂವ ಅದಿ, ನೀನರ ಹೇಳೋ ತಮ್ಮಾ,” ಎಂದಳು.

ನಾನು ಬಟ್ಟಲು ತೊಳೆಯಲು ಹೋದೆ.

ಆಕೆ ಅವತ್ತೇ ಗಂಟು ಕಟ್ಟಿಕೊಂಡು ಊರಿಗೆ ಹೋದಳು. ಎಂಟು ದಿನಕ್ಕೆ ಗಡಿಯಾರ ಮಾಲಕರ ಗಾದಿಯ ಕೆಳಗೇ ಸಿಕ್ಕಿತು. ಇನ್ನು ಆಕೆಯ ಹೆಸರು ಉಳಿಯಿತು, ನಾನೂ ಉಳಿದೆ ಎಂದುಕೊಂಡೆ. ಮಾಲಕರು ಹೇಳಿದ್ದೇ ಬೇರೆ: “ನೋಡಿದ್ಯಾ! ನಿನ್ನ ನೀರಿಗೆ ಹೆದರಿ, ಹೋಗೂ ಮುಂದ ಇಲ್ಲೆ ಇಟ್ಟ ಹೋಗ್ಯಾಳ!” ಸುಳ್ಳಿಗೆ ಒಮ್ಮೆ ಭಕ್ತರು ಸಿಕ್ಕರೆ ಸತ್ಯವೂ ಬಂದು ಅದರ ಪರವೇ ಸಾಕ್ಷಿ ಹೇಳುತ್ತದೆ. ಮೇಲವಂಕಿಯಿಂದ ಒಬ್ಬರು ಎಮ್ಮೆ ಕಳುವಾಗಿದೆ ಎಂದು ಆ ನೀರು ಕೇಳಿಕೊಂಡು ಬಂದ ದಿನ ಹೆದರಿ ಹುಕ್ಕೇರಿಗೆ ಓಡಿದೆ. ಬಾರು ಒಳ್ಳೆಯ ಜಾಗ. ಅಲ್ಲಿ ಎಲ್ಲರೂ ತಮ್ಮ ತಪ್ಪು ಒಪ್ಪಿಕೊಳ್ಳುತ್ತಾರೆ, ಕೌಂಟರಿನವನ ತಪ್ಪನ್ನು ಮಾತ್ರ ಯಾರೂ ಕೇಳುವುದಿಲ್ಲ.

ಆದರೆ ಕಥೆ ನಮ್ಮ ಮನೆಯಲ್ಲಿ ಬೆಳೆದಿತ್ತು. ಮೂಡಲಗಿಯ ಆ ಮಧ್ಯಾಹ್ನ ಬಸವರಾಜ ಗಿರಾಕಿಗಳ ಕಡೆ ತಿರುಗಿ, “ಇಂಥಾ ನೀರಿಲೆನ ನಮ್ಮ ಕಾಕಾ ಒಬ್ಬಾಕಿ ಕಳ್ಳೀನ ಹಿಡದಿದ್ರು! ಅದಕ್ಕ ಇದರ ಹೆಸರು ‘ಗೋಕಾಕ ಕಳ್ಳಿ’ ಅಂತ ಇಟ್ಟೀನಿ,” ಎಂದು ಮೆನು ಕಾರ್ಡು ಎತ್ತಿ ತೋರಿಸಿದ. ಅಚ್ಚಾಗಿಬಿಟ್ಟಿತ್ತು.

“ತಗಿ ಅದನ್ನ. ಆಕಿ ಕದ್ದಿದ್ದಿಲ್ಲ,” ಎಂದೆ.

“ಮತ್ತ ನೀರ್ಯಾಕ ಬಣ್ಣ ತಿರಗಿತ್ರಿ ಕಾಕಾ?”

“ಈಗ ನಿನ್ನ ಗ್ಲಾಸೂ ತಿರಗೇತಲ್ಲ. ಅದೇನ ಕದ್ದೈತಿ?”

ಗಿರಾಕಿಗಳು ನಕ್ಕರು. ಬಸವರಾಜ ನಗಲಿಲ್ಲ. ಕೈಯಲ್ಲಿದ್ದ ನಿಂಬೆಸಿಪ್ಪೆ ನೋಡಿದ, ನನ್ನನ್ನು ನೋಡಿದ, ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ಒಳಗಿಟ್ಟ. ಅಷ್ಟಕ್ಕೇ ಮುಗಿದಿದ್ದರೆ ನಾನು ಧೈರ್ಯವಂತನೇ. ಆದರೆ ಒಬ್ಬ ಗಿರಾಕಿ ಕೇಳಿದ: “ಆಕಿ ಹೆಸರೇನ್ರಿ ಅಜ್ಜಾರ? ನಮ್ಮೂರು ತುಕ್ಕಾನಟ್ಟಿ. ಈ ಕಡೆ ಮಂದಿ ಎಲ್ಲಾರೂ ಗೊತ್ತ ನನಗ.”

ಆಕೆ ತೀರಿಹೋದಳು ಎಂದಾನು ಎಂಬ ಭಯ ನನಗಾಗಲಿಲ್ಲ. ‘ಇನ್ನೂ ಅದಾಳ, ನಡೀರಿ ಕರಕೊಂಡ ಹೋಗ್ತೀನಿ’ ಎಂದಾನು ಎಂದು ಹೆದರಿದೆ. “ಮರತೀನಿ,” ಎಂದುಬಿಟ್ಟೆ.

ಮರಳುವ ಬಸ್ಸಿನಲ್ಲಿ ಆ ಹೆಸರನ್ನು ತುಟಿಯೊಳಗೇ ಹೇಳಿಕೊಳ್ಳುತ್ತ ಬಂದೆ. ಬಾಜೂದವರು ನಾನು ಜಪ ಮಾಡುತ್ತಿದ್ದೇನೆಂದು ತಿಳಿದು ಸರಿದು ಜಾಗ ಕೊಟ್ಟರು. ಮತ್ತೆ ಮರ್ಯಾದೆ ಸಿಕ್ಕಿತು, ಮತ್ತೆ ಸುಳ್ಳಿಗೇ. ಅದಕ್ಕೇ ಇದನ್ನು ಬರೆದೆ. ಆ ಗಿರಾಕಿ ಇದನ್ನು ಓದಿದರೆ ತಿಳಿಯಲಿ: ನಾನು ಮರೆತಿರಲಿಲ್ಲ. ಆಕೆ ನಿಮ್ಮೂರಿನವಳೇ. ಲಗಮವ್ವ.