ಮೈನಾ ಕಲಿತ ಮಾತು

ಬೀಗ ರಿಪೇರಿಯವನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಹೆಂಡತಿ ತೀರಿಕೊಂಡ ಮೇಲೆ ಅವಳ ಮೈನಾಕ್ಕೆ ಅವನೇ ಕಾಳು ಹಾಕಿದ. ಹಕ್ಕಿ ಮೂಸಿಯೂ ನೋಡದೆ ಸೊರಗಿತು.

“ಇದರ ಕೊಕ್ಕು ಗಿಳಿ ಕೊಕ್ಕಿನ ಹಾಗಲ್ಲ ಕಣ್ರೀ, ಕಾಳು ಒಡೆಯೋಕಾಗಲ್ಲ. ಹಣ್ಣು, ಹುಳ ಕೊಡಿ. ಮನೆಯವರು ಏನು ಹಾಕ್ತಿದ್ರು?” ಎಂದರು ಪಶುವೈದ್ಯರು.

ಆಗಲೇ ಅವನಿಗೆ ಹೊಳೆದದ್ದು, ಅವಳು ವಾರವಾರ ತಂದು ಬೈಸಿಕೊಳ್ಳುತ್ತಿದ್ದ ಪಪ್ಪಾಯಿ ಯಾರಿಗೆಂದು.

ದಾರಿಯಲ್ಲೇ ಒಂದು ಹಣ್ಣು ಕೊಂಡ. ಬೀಗದ ಎಣ್ಣೆ ಅಂಟಿದ ಕೈ ತೊಳೆದು, ಸಣ್ಣಗೆ ಹೆಚ್ಚಿ ಪಂಜರದಲ್ಲಿಟ್ಟ. ಮೈನಾ ಗಬಗಬನೆ ತಿಂದು, ಥೇಟ್ ಅವನದೇ ದನಿಯಲ್ಲಿ ಗದರಿತು: “ಮತ್ತೆ ಪಪ್ಪಾಯಿ ತಂದ್ಯಾ? ಯಾರೇ ತಿಂತಾರೆ ಇದನ್ನ?”

ಅವಳ ದನಿಯ ಉತ್ತರಕ್ಕಾಗಿ ಅವನು ಕಾದು ಕೂತ. ಹಕ್ಕಿ ಅಷ್ಟಕ್ಕೇ ಸುಮ್ಮನಾಯಿತು. ಅವಳು ಎಂದೂ ಎದುರು ಮಾತಾಡಿದವಳೇ ಅಲ್ಲ.