ಕಟ್ ಹೇಳಲಾಗದ ಅಳು

"ಅಯ್ಯೋ, ಹೋಗ್ಬಿಟ್ಯೇನೋ ಗಂಗಾಧರ!" ಎನ್ನುತ್ತಾ ಹಾರ ಹಿಡಿದ ಹಿರಿಯರೊಬ್ಬರು ನಮ್ಮ ಕ್ಯಾಮೆರಾ ಮುಂದೆಯೇ ಕುಸಿದು ಕುಳಿತರು.

ಸ್ಪರ್ಧೆಯೊಂದಕ್ಕೆ ಮಾಡುತ್ತಿದ್ದ ನಮ್ಮ ಮೊದಲ ಕಿರುಚಿತ್ರಕ್ಕೆ ಚಾಮರಾಜಪೇಟೆಯ ಗಂಗಾಧರಯ್ಯನವರು ಮನೆಯ ಜಗಲಿ ಬಿಟ್ಟುಕೊಟ್ಟಿದ್ದರು. ಸಾವಿನ ದೃಶ್ಯವಾದ್ದರಿಂದ ನಟನೊಬ್ಬನನ್ನು ಮಲಗಿಸಿ, ಮುಖವೂ ಮುಚ್ಚುವಂತೆ ಬಿಳಿ ಬಟ್ಟೆ ಹೊದಿಸಿ, ಗೇಟಿನೆದುರು ಬೆಂಕಿ ಹಾಕಿದ್ದೆವು. ಅದನ್ನು ಕಂಡು ಬೀದಿಯವರು ಏನೆಂದುಕೊಳ್ಳುತ್ತಾರೆಂದು ನಮಗೆ ಹೊಳೆದಿರಲೇ ಇಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. 'ಕಟ್' ಎನ್ನಲು ನನಗೆ ಬಾಯಿ ಬರಲಿಲ್ಲ. ಆ ಹಿರಿಯರು ಹೊದಿಕೆಯ ಮೇಲೆಯೇ ಕಾಲು ಹಿಡಿದು, ಜಗಳವಾಡಿ ಮಾತು ಬಿಟ್ಟದ್ದಕ್ಕೆ ಕ್ಷಮೆ ಕೇಳುತ್ತಿದ್ದರು. ಹೊದಿಕೆಯೊಳಗೆ ನಮ್ಮ ನಟ ಕಾಲು ಎಳೆದುಕೊಳ್ಳಲೂ ಆಗದೆ ಮಲಗಿದ್ದ. ಗಲಾಟೆಯಾಗುತ್ತದೆ, ಇನ್ನು ಯಾರೂ ನಮಗೆ ಮನೆ ಕೊಡುವುದಿಲ್ಲ ಎಂದು ನಾನು ಬೆವರಿದೆ.

ಅಷ್ಟರಲ್ಲಿ ಗಂಗಾಧರಯ್ಯನವರೇ ಕಾಫಿ ಲೋಟ ಹಿಡಿದು ಹೊರಬಂದರು. ಗೆಳೆಯನನ್ನು ನೋಡಿ, ಆ ಲೋಟವನ್ನೇ ಅವರ ಕೈಗಿಟ್ಟರು.

ಹೊರಡುವಾಗ ಆ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು. "ನಾನು ಅತ್ತಿದ್ದು ಅದ್ರಲ್ಲಿ ಬರಲ್ಲ ತಾನೇ, ಅಪ್ಪಾ?"

ಸ್ಪರ್ಧೆಗೆ ಆ ಭಾಗ ಬಿಟ್ಟೇ ಕಳಿಸಿದೆವು. ಈಗ ಚಿತ್ರದಲ್ಲಿ ಅಳುವವರೆಲ್ಲ ನಟರೇ. ನೋಡಿದಾಗಲೆಲ್ಲ ಸುಳ್ಳೆನಿಸುತ್ತದೆ.