ನಾರೆಪ್ಪನವರು ಹೇಳಿದ್ದು ಅದಲ್ಲ

ಬಾವಿಯ ಮೇಲಿನ ಕಪಿಲೆಯ ಗಾಲಿ ಕಿರ್ರೆನ್ನುವ ಸದ್ದು, ಎತ್ತುಗಳ ಹಿಂದೆ ಇಳಿಜಾರಿನಲ್ಲಿ ಇಳಿಯುತ್ತಾ ನಾರೆಪ್ಪನವರು ಹಾಡುವ ಹಾಡು, ಆಮೇಲೆ ಚರ್ಮದ ಬಾನಿಯಿಂದ ನೀರು ತೊಟ್ಟಿಗೆ ಧುಮುಕುವ ಸದ್ದು — ಆವತ್ತು ಬೆಳಿಗ್ಗೆ ಹತ್ತರ ಸುಮಾರಿಗೆ ಈ ಮೂರೂ ಒಟ್ಟಿಗೆ ನಿಂತವು. ಮನೆ ಮುಂದೆ ಜೀಪು ಬಂದಿತ್ತು. ಅದಾದ ಅರ್ಧ ಗಂಟೆಯೊಳಗೆ ನಾನೊಂದು ಸುಳ್ಳು ಹೇಳಿದೆ. ಚೌಡಮ್ಮ, ನಿಮ್ಮ ತಂದೆ ನಾರೆಪ್ಪನವರು ತೆಲುಗಿನಲ್ಲಿ ಹೇಳಿದ ಮಾತನ್ನು ಆಫೀಸರಿಗೆ ಇಂಗ್ಲಿಷಿನಲ್ಲಿ ಹೇಳುವಾಗ ನಾನು ಬದಲಾಯಿಸಿದೆ. ಅರ್ಥವಾಗದೆ ಅಲ್ಲ. ಯಾರಿಗೋ ಹೆದರಿಯೂ ಅಲ್ಲ. ಬೇಕೆಂದೇ.

ಹೋದ ತಿಂಗಳು ನೀವು ಎರಡು ಬಸ್ಸು ಬದಲಾಯಿಸಿಕೊಂಡು ಮಾಲೂರಿನ ನಮ್ಮ ಮನೆಗೆ ಬಂದಿರಿ. ಜೀತದಿಂದ ಬಿಡುಗಡೆಯಾದವರ ಮಕ್ಕಳು, ಮೊಮ್ಮಕ್ಕಳು ಸೇರಿ ಶ್ರೀನಿವಾಸಪುರದಲ್ಲಿ ವರ್ಷಕ್ಕೊಮ್ಮೆ ಮಾಡುವ ಸಭೆಗೆ ನನ್ನನ್ನು ಕರೆಯಲು. ಇನ್ವಿಟೇಶನ್ ಕೊಟ್ಟು, ಸೋಫಾದ ತುದಿಯಲ್ಲಿ ಕೂತು, ಅಂಗನವಾಡಿಯ ಫೈಲಿನಿಂದ ಒಂದು ಜೆರಾಕ್ಸ್ ಕಾಗದ ತೆಗೆದಿರಿ. ಆಗಿನ ಕಾಲದ ವಿಚಾರಣೆಯ ಕಾಗದ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತೆಗೆಸಿದ್ದು. ಅದರಲ್ಲಿ ನಿಮ್ಮ ತಂದೆಯ ಹೆಸರಿನ ಮುಂದೆ, ಸ್ವಂತ ಇಚ್ಛೆಯಿಂದ ಇದ್ದಾನೆ, ಬಿಡುಗಡೆ ಬೇಡವೆಂದಿದ್ದಾನೆ, ಎಂದು ಬರೆದಿತ್ತು.

"ಅಮ್ಮಾ, ನಮ್ಮಪ್ಪ ಸಾಯೋವರ್ಗೂ ಒಂದೇ ಮಾತು ಹೇಳ್ತಿದ್ದ," ಎಂದಿರಿ. "ಬಿಡಿಸಿ ಅಂತ ನಾನು ಬಾಯ್ಬಿಟ್ಟು ಕೇಳ್ದೆ ಕಣೇ, ಚಿನ್ನಮ್ಮನೋರು ಅದನ್ನ ಇಂಗ್ಲೀಷ್ನಲ್ಲಿ ಹೇಳಿದ್ರು, ಸರ್ಕಾರದೋರೇ ಕಿವಿಗೆ ಹಾಕ್ಕೊಳ್ಳಿಲ್ಲ — ಅಂತ. ಈ ಪೇಪರ್ ನೋಡಿದ್ರೆ ಅವನೇ ಬೇಡ ಅಂದವ್ನೆ. ನಮ್ಮಪ್ಪ ನನ್ ಹತ್ರ ಸುಳ್ಳು ಹೇಳಿದ್ನಾ? ಆವತ್ತು ಅಲ್ಲಿದ್ದೋರಲ್ಲಿ ಈಗ ನೀವೊಬ್ರೇ ಇರೋದು. ಅದಕ್ಕೇ ಬಂದೆ."

ನಾನು ಏನೆಂದೆ, ನಿಮಗೆ ಗೊತ್ತಿದೆ. "ನೆನಪಿಲ್ಲ ಚೌಡಮ್ಮ. ಏಜ್ ಆಯ್ತಲ್ಲ."

ನೀವು "ಹೋಗ್ಲಿ ಬಿಡಿ," ಎಂದು ಕಾಗದ ಮಡಿಚಿದಿರಿ. ಕಾಫಿ ಕುಡಿಯುವಾಗ ಲೋಟ ತಿರುಗಿಸಿ ಅಂಚಿನ ಕೆಳಗೆ ಕೊರೆದ ನನ್ನ ಹೆಸರನ್ನು ಓದಿದಿರಿ. "ಇಂಥದ್ದೇ ಒಂದು ನಮ್ಮನೇಲೂ ಐತಮ್ಮ. ನೀವು ಕೊಟ್ಟಿದ್ದಂತೆ. ಅಪ್ಪ ಅದನ್ನ ಯಾರ್ಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ," ಎಂದಿರಿ.

ಆ ಲೋಟವೂ ನಾನು ಕೊಟ್ಟಿದ್ದಲ್ಲ. ಹೇಳುತ್ತೇನೆ. ಮೊದಲಿನಿಂದ ಹೇಳದಿದ್ದರೆ ಮತ್ತೆ ಎಲ್ಲಾದರೂ ನುಣುಚಿಕೊಂಡುಬಿಡುತ್ತೇನೆ.

ನಮ್ಮದು ಗೌನಿಪಲ್ಲಿ ಕಡೆಯ ಮನೆ. ಮಾವಿನ ತೋಪು, ರಾಗಿ ಹೊಲ, ಕಪಿಲೆ ಬಾವಿ. ನಿಮ್ಮ ತಾತ ಯಾವುದೋ ಮದುವೆಗೆಂದು ನಮ್ಮ ತಾತನಿಂದ ರಾಗಿ ಒಯ್ದಿದ್ದರಂತೆ. ಅದಕ್ಕಾಗಿ ಅವರು ದುಡಿದು ಸತ್ತರು, ಆಮೇಲೆ ನಿಮ್ಮ ತಂದೆ ಬಂದರು. ಯಾವಾಗ ತೀರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ — ನಾನೂ ಕೇಳಲಿಲ್ಲ. ನಾರೆಪ್ಪನವರು, ಅವರು ಎಂದು ಈಗ ಬರೆಯುತ್ತಿದ್ದೇನೆ. ಆಗ ನನಗಿಂತ ಹದಿನೈದು ವರ್ಷ ದೊಡ್ಡವರಾದ ಅವರನ್ನು "ಏ ನಾರೆಪ್ಪ, ಬಾರೋ ಇಲ್ಲಿ" ಎನ್ನುತ್ತಿದ್ದೆ. ಅವರು ನನ್ನನ್ನು ಚಿನ್ನಮ್ಮ ಎನ್ನುತ್ತಿದ್ದರು.

ನನ್ನನ್ನು ಕೋಲಾರದ ಕಾನ್ವೆಂಟಿನಲ್ಲಿ ಬಿಟ್ಟಿದ್ದರು. ಅಲ್ಲಿ ಹಿಸ್ಟರಿ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು ಅಮೆರಿಕದ ಗುಲಾಮರ ಪಾಠ ಮಾಡಿದರು — ಹಡಗಿನಲ್ಲಿ ಒತ್ತೊತ್ತಾಗಿ ಮಲಗಿಸಿ ತಂದವರು, ಮೈ ಬಣ್ಣ ನೋಡಿ ಮಾರಿದವರು, ತಾಯಿಯಿಂದ ಕಿತ್ತುಕೊಂಡ ಮಕ್ಕಳು. ನಾನು ಡೆಸ್ಕಿನ ಮೇಲೆ ತಲೆಯಿಟ್ಟು ಅತ್ತೆ. ಗುಲಾಮಗಿರಿಯ ಅಂತ್ಯದ ಬಗ್ಗೆ ಎಸ್ಸೇ ಬರೆದು ಫಸ್ಟ್ ಪ್ರೈಜ್ ತೆಗೆದುಕೊಂಡೆ. ಆ ಪ್ರೈಜನ್ನು ಟ್ರಂಕಿನಲ್ಲಿಟ್ಟು ರಜೆಗೆ ಊರಿಗೆ ಬಂದೆ. ಬಸ್ಸಿನಿಂದ ಆ ಟ್ರಂಕನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದವರು ನಿಮ್ಮ ತಂದೆ. ಹಿತ್ತಿಲ ಬಾಗಿಲ ಹೊರಗೆ ಕೂತು ತೆಂಗಿನ ಚಿಪ್ಪಿನಲ್ಲಿ ಕಾಫಿ ಕುಡಿದು ಹೊಲಕ್ಕೆ ಹೋದರು. ಎರಡನ್ನೂ ಜೋಡಿಸಿ ನೋಡಲು ನನಗೆ ಬುದ್ಧಿ ಇರಲಿಲ್ಲ ಎಂದರೆ ಅದೂ ಸುಳ್ಳು. ಬುದ್ಧಿ ಇತ್ತು. ನೋಡಲಿಲ್ಲ.

ಜೀತ ರದ್ದು ಎಂಬ ಕಾನೂನು ಬಂದ ಮೇಲೆ ಆಫೀಸರುಗಳು ಊರೂರಿಗೆ ಹೋಗಿ ಯಾರ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುತ್ತಿದ್ದರು. ನಮ್ಮ ಮನೆಗೆ ಬಂದವರು ಟ್ರೈನಿಂಗಿನಲ್ಲಿದ್ದ ಹುಡುಗು ಮುಖದ ಆಫೀಸರ್, ಉತ್ತರದ ಕಡೆಯವರು. ಕನ್ನಡ ತೊದಲುತ್ತಿದ್ದರು, ತೆಲುಗು ಒಂದಕ್ಷರ ಬಾರದು. ಜೊತೆಗಿದ್ದ ರೆವಿನ್ಯೂ ಇನ್ಸ್‌ಪೆಕ್ಟರು ಹಿಂದಿನ ವಾರವಷ್ಟೇ ನಮ್ಮ ಮನೆಯಲ್ಲಿ ಕೋಳಿ ಸಾರು ಉಂಡು ಹೋಗಿದ್ದವರು.

ಅಪ್ಪ ನಾರೆಪ್ಪನವರನ್ನು ಕಪಿಲೆಯಿಂದ ಕರೆಸಿದರು. ತಮ್ಮದೇ ಒಂದು ಬಿಳಿ ಪಂಚೆ ಉಡಿಸಿ ಜಗಲಿಯ ಬೆಂಚಿನ ಮೇಲೆ ಕೂರಿಸಿದರು. ಅವರು ಕೂರಲೊಲ್ಲರು. "ಕೂತ್ಕೊಳ್ಳೋ, ನಿನ್ ಮನೇನೇ ಅಲ್ವೇನೋ!" ಎಂದು ಅಪ್ಪ ನಕ್ಕು ಹೆಗಲು ಹಿಡಿದು ಅದುಮಿದರು. ಅಪ್ಪ ಅವರನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ವಿಮಲಾ, ಒಳ್ಳೇ ಲೋಟದಲ್ಲಿ ಕಾಫಿ ತಾಮ್ಮ" ಎಂದೂ ಕೂಗಿದರು — ಆಫೀಸರಿಗೆ ಕಾಣಲಿ ಎಂದು. ನನ್ನ ಮದುವೆಗೆಂದು ಹನ್ನೆರಡು ಸ್ಟೀಲ್ ಲೋಟ ತಂದು, ಪಾತ್ರೆ ಅಂಗಡಿಯ ಮುಂದೆ ಕೂರುತ್ತಿದ್ದ ಸಾಬರ ಹತ್ತಿರ ಹೆಸರು ಕೊರೆಸಿ ಇಟ್ಟಿದ್ದರು. ಕೈಗೆ ಸಿಕ್ಕಿದ್ದು ಅದರಲ್ಲೊಂದು, ಅದರಲ್ಲೇ ಕಾಫಿ ತಂದುಕೊಟ್ಟೆ.

ಆಫೀಸರ್ ನನ್ನ ಒಂದೆರಡು ಇಂಗ್ಲಿಷ್ ಮಾತು ಕೇಳಿದ್ದೇ ಮುಖ ಅರಳಿಸಿದರು. ಎಲ್ಲಿ ಓದಿದ್ದು, ಎಷ್ಟು ಫ್ಲುಯೆಂಟ್ ಆಗಿ ಮಾತಾಡುತ್ತೀರಿ ಎಂದರು. ಇನ್ಸ್‌ಪೆಕ್ಟರು ಬೇಡ, ನೀವೇ ಅವನನ್ನು ಕೇಳಿ ಹೇಳಿ, ನಿಮ್ಮ ಹತ್ತಿರವಾದರೆ ಹೆದರದೆ ಮಾತಾಡುತ್ತಾನೆ ಎಂದರು. ನಾನು ಕೇಳಿದೆ — ನೀನು ಇಲ್ಲಿ ನಿನ್ನಿಷ್ಟದಿಂದ ಇದ್ದೀಯಾ, ಬಿಟ್ಟು ಹೋಗಬೇಕಾ?

ನಾರೆಪ್ಪನವರು ಲೋಟ ಕೆಳಗಿಟ್ಟರು. ಅಪ್ಪನ ಕಡೆ ನೋಡಲಿಲ್ಲ, ಆಫೀಸರ ಕಡೆಯೂ ನೋಡಲಿಲ್ಲ. ನನ್ನನ್ನೇ ನೋಡಿ ಹೇಳಿದರು:

"ಇಡಿಪಿಂಚಮನು ಚಿನ್ನಮ್ಮಾ. ನಾ ಬಿಡ್ಡ ಈ ಕೊಟ್ಟಾನಿಕಿ ರಾಕೂಡದು."

ಬಿಡಿಸಿ ಅಂತ ಹೇಳು ಚಿನ್ನಮ್ಮ. ನನ್ನ ಮಗು ಈ ಕೊಟ್ಟಿಗೆಗೆ ಬರಬಾರದು. ಅಷ್ಟೇ. ಆಗ ನಿಮಗೆ ಐದು ವರ್ಷ ಚೌಡಮ್ಮ. ಅವರು ಹೇಳಿದ್ದು ನಿಮ್ಮ ಬಗ್ಗೆ.

ನಾನು ಆಫೀಸರ ಕಡೆ ತಿರುಗಿದೆ. "ಹಿ ಸೇಸ್ ಹಿ ಈಸ್ ಲೈಕ್ ಫ್ಯಾಮಿಲಿ ಹಿಯರ್, ಸರ್. ಹಿ ಡಸ್ ನಾಟ್ ವಿಶ್ ಟು ಗೋ." ಇಲ್ಲಿ ಮನೆಯವರ ಹಾಗೇ ಇದ್ದೇನೆ, ಹೋಗಲು ಇಷ್ಟವಿಲ್ಲ ಎನ್ನುತ್ತಾನೆ — ಎಂದು. ನಾಲಿಗೆ ಒಂದು ಸಲವೂ ತಡವರಿಸಲಿಲ್ಲ. ಇನ್ಸ್‌ಪೆಕ್ಟರು ಕೆಮ್ಮಿ ಕೆಳಗೆ ನೋಡಿದರು. ಆಫೀಸರ್ ಬರೆದುಕೊಂಡರು. ನಾರೆಪ್ಪನವರು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಮುಗಿಸಿದ ಮೇಲೆ, ಸಮಾಧಾನವಾದವರಂತೆ, ಮೆಲ್ಲಗೆ ತಲೆಯಾಡಿಸಿದರು.

ಅಪ್ಪ ಹೇಳಿಕೊಟ್ಟಿದ್ದರು ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅಪ್ಪ ಏನೂ ಹೇಳಿಕೊಟ್ಟಿರಲಿಲ್ಲ. ಬೆಂಚು, ಪಂಚೆ, ಲೋಟ ಎಲ್ಲ ಅವರದು, ಮಾತು ನನ್ನದು. ಆ ತಿಂಗಳೇ ಮಾಲೂರಿನಿಂದ ಗಂಡಿನ ಕಡೆಯವರು ಬರುವುದಿತ್ತು, ಅಪ್ಪನ ಮೇಲೆ ಕೇಸಾದರೆ — ಎಂಬ ಯೋಚನೆ ಬಂದಿತ್ತೇ? ಬಂದಿತ್ತು. ಆದರೆ ಅದೊಂದೇ ಎಂದರೆ ಪೂರ್ತಿ ಸತ್ಯವಲ್ಲ. ಒಬ್ಬ ಆಫೀಸರ್ ನನ್ನ ಇಂಗ್ಲಿಷನ್ನು ಹೊಗಳಿದ್ದ. ಅವನ ಕಣ್ಣಿಗೆ ನಮ್ಮದು ಜೀತ ಇಟ್ಟುಕೊಂಡ ಮನೆಯಾಗಿ ಕಾಣುವುದು ನನಗೆ ಬೇಡವಾಗಿತ್ತು. ಒಂದು ಮಗುವಿನ ಬದುಕಿಗೆ ಎದುರಾಗಿ ನಾನು ತೂಗಿದ್ದು ಇಷ್ಟನ್ನು.

ಜೀಪು ಹೋದ ಮೇಲೆ ಅಜ್ಜಿ ಒಳಗಿನಿಂದ ಬಂದು ನನ್ನ ಕೆನ್ನೆ ಗಿಲ್ಲಿದಳು. "ಅಬ್ಬಾ, ಇಂಗ್ಲೀಷ್ ಓದ್ಸಿದ್ದು ದಂಡ ಆಗ್ಲಿಲ್ಲ ಬಿಡೇ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಲೋಟ ತೊಳೆಯಲು ಕೈಗೆತ್ತಿಕೊಂಡರೆ ಅಜ್ಜಿ ತಡೆದಳು. "ಅದನ್ನ ಒಳಕ್ಕೆ ತರಬೇಡ ಕಣೇ, ಕೊಟ್ಟಿಗೆ ಸೂರಿಗೆ ಸಿಕ್ಸು." ಸಿಕ್ಕಿಸಿದೆ. ನಿಮ್ಮ ಮನೆಯಲ್ಲಿರುವುದು ಅದೇ ಲೋಟ. ಮಾಲೂರಿಗೆ ನನ್ನ ಜೊತೆ ಬಂದದ್ದು ಹನ್ನೊಂದು. ಇನ್ನೊಂದು ಎಲ್ಲಿ ಎಂದು ಅತ್ತೆ ಕೇಳಿದಾಗ ಕಳೆದುಹೋಯಿತು ಎಂದೆ.

ಆ ಮಧ್ಯಾಹ್ನ ಕಪಿಲೆ ಮತ್ತೆ ಶುರುವಾಯಿತು. ನಾರೆಪ್ಪನವರು ಹಾಡಿದರು — ಎಂದಿಗಿಂತ ಗಟ್ಟಿಯಾಗಿ. ತಮ್ಮ ಮಾತು ಸರ್ಕಾರಕ್ಕೆ ತಲುಪಿತು ಎಂದುಕೊಂಡಿದ್ದರಲ್ಲ. ನನ್ನ ಮದುವೆಯ ಚಪ್ಪರ ಹಾಕುವಾಗ ಒಮ್ಮೆ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಜೀಪು ಮಳ್ಳಾ ಎಪ್ಪುಡೊಸ್ತುಂದಿ ಚಿನ್ನಮ್ಮಾ?" ಎಂದರು. ಜೀಪು ಮತ್ತೆ ಯಾವಾಗ ಬರುತ್ತದೆ ಎಂದು. "ಬರ್ತಾರೆ, ಇರೋ" ಎಂದೆ.

ಸುತ್ತಮುತ್ತಲ ಊರುಗಳಲ್ಲಿ ಎಷ್ಟೋ ಜನರಿಗೆ ಬಿಡುಗಡೆ ಪತ್ರ ಸಿಕ್ಕಿತು. ನಿಮ್ಮ ತಂದೆಗೆ ಸಿಗಲಿಲ್ಲ. ಒಂದು ಬೇಸಿಗೆ ತವರಿಗೆ ಹೋದಾಗ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಎಂಟು ವರ್ಷದ ಹುಡುಗಿಯನ್ನು ಕಂಡು "ಇವಳ್ಯಾರು?" ಎಂದು ಕೇಳಿದೆ. ಅಮ್ಮ "ನಾರೆಪ್ಪನ ಮಗಳು" ಎಂದರು. ನಾನು ನನ್ನ ಮಗುವಿಗೆ ಹಾಲು ಕುಡಿಸುತ್ತಾ ಒಳಗೆ ಹೋದೆ. ಅಪ್ಪ ಸತ್ತು, ಅಣ್ಣ ತೋಪು ಮಾರಿ ಕೈತೊಳೆದುಕೊಂಡ ಮೇಲೆಯೇ ನೀವಿಬ್ಬರೂ ಹೊರಗೆ ಬಂದದ್ದು. ದೊಡ್ಡವರಾದ ಮೇಲೆ ನೀವು ಅಕ್ಷರ ಕಲಿತಿರಿ, ಅಂಗನವಾಡಿ ಟೀಚರ್ ಆದಿರಿ. ಅದರಲ್ಲಿ ನಮ್ಮ ಮನೆಯವರ ಪಾಲು ಏನೂ ಇಲ್ಲ.

ನಿಮ್ಮ ಸಭೆಗೆ ಬರುತ್ತೇನೆ. ಭಾಷಣ ಮಾಡಲು ಅಲ್ಲ. ಈ ಕಾಗದ ಓದಲು. ಬಣ್ಣ ಜಾತಿಗಳ ಬಗ್ಗೆ ಎಸ್ಸೇ ಓದುವ ಅರ್ಹತೆ ನನಗಿಲ್ಲ. ಮುಂಚೆಯೇ ನಿಮಗೆ ಕಳಿಸುತ್ತಿದ್ದೇನೆ, ಎಲ್ಲರೆದುರು ಮೊದಲ ಸಲ ಕೇಳುವ ಹಾಗೆ ಆಗಬಾರದು. ನಾನು ಓದುವುದು ಬೇಡ, ನೀವೇ ಓದುತ್ತೀರಿ ಎಂದರೆ ಹಾಗೇ ಆಗಲಿ. ಆಗ ನಾನು ಎದ್ದು ನಿಂತು, ಹೌದು, ಇದು ನಿಜ ಎನ್ನುತ್ತೇನೆ. ಆ ಜೆರಾಕ್ಸ್ ಕಾಗದದ ಕೆಳಗೂ ಅದನ್ನೇ ಬರೆದು ಸೈನ್ ಹಾಕಿಕೊಡುತ್ತೇನೆ. ನಿಮ್ಮ ತಂದೆ ಸುಳ್ಳು ಹೇಳಲಿಲ್ಲ. ಕ್ಷಮಿಸಿ ಎಂದು ಕೇಳುತ್ತಿಲ್ಲ. ಅದು ನಿಮ್ಮ ಮೇಲೆ ಇನ್ನೊಂದು ಕೆಲಸ ಹೊರಿಸಿದ ಹಾಗೆ.

ಅವರನ್ನು ಕೊನೆಯ ಸಲ ನೋಡಿದ್ದು ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ, ಮಾವಿನ ಕಾಲ. ಮಂಡಿಯ ಕಡೆಯಿಂದ ಬಂದ ನಾಲ್ಕೈದು ಜನರ ಜೊತೆ ಕಟ್ಟೆಯ ಮೇಲೆ ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡದ್ದೇ ಎದ್ದು ನಿಂತರು, ಹೆಗಲ ಟವೆಲ್ ಕೈಗೆ ತೆಗೆದುಕೊಂಡರು. ಪಕ್ಕದವರಿಗೆ ಹೆಮ್ಮೆಯಿಂದ, "ಮಾ ಚಿನ್ನಮ್ಮ. ನಾ ಮಾಟ ದೊರಗಾರಿಕಿ ಇಂಗ್ಲೀಷುಲೋ ಚೆಪ್ಪಿಂದಿ ಈಯಮ್ಮೇ," ಎಂದರು. ನನ್ನ ಮಾತನ್ನು ದೊರೆಗೆ ಇಂಗ್ಲಿಷಿನಲ್ಲಿ ಹೇಳಿದ್ದು ಈಯಮ್ಮನೇ, ಎಂದು. ಅವರೆಲ್ಲ ನನ್ನ ಕಡೆ ನೋಡಿದರು. ನಾನು ನಕ್ಕು, ಕೋಲಾರದ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತೆ. ಬಸ್ಸು ಹೊರಡಲು ಹತ್ತು ನಿಮಿಷವಾಯಿತು. ಕೂತ್ಕೊಳ್ಳಿ ಎಂದು ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಅವರು ಅಷ್ಟು ಹೊತ್ತೂ ನಿಂತೇ ಇದ್ದರು.